ಮೊದಲಿಂದಲೂ ಬಂದೇ ಇತ್ತು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಆಳಂದದ ಒಂದು ಬೀಜ-ಗೊಬ್ಬರದ ಪೇಟೆ ಅಂಗಡಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಓದಿದ್ದು ಮೆಟ್ರಿಕ್ ತನಕ. ಅಫಜಲಪುರ ಮತ್ತು ಜೇವರ್ಗಿಯಲ್ಲಿ ನಮ್ಮ ಗೋದಾಮುಗಳಿದ್ದವು. ಮೂರೂ ಕಡೆಯ ಕಂಪ್ಯೂಟರುಗಳನ್ನು ಟೆಲಿಫೋನ್ ತಂತಿಯಿಂದ ಜೋಡಿಸಿದ್ದರು. ಆಳಂದದ ಕಂಪ್ಯೂಟರಿನಿಂದ ಮಾಲು ಬಿಡುವ ಚೀಟಿ ಹೋಗದೆ ಯಾವ ಗೋದಾಮಿನಿಂದಲೂ ಚೀಲ ಹೊರಬೀಳುತ್ತಿರಲಿಲ್ಲ.

ಜೋಡಿಸಲು ಬಂದ ಎಂಜಿನಿಯರ್ ಹುಡುಗ ಅಂದು ಕೇಳಿದ್ದ: “ಕಾಕಾ, ಬ್ಯಾರೆ ಮಷೀನು ‘ಜೇವರ್ಗಿಗೆ ನನ್ನ ಕಡಿಂದ ಹೋಗ್ರಿ’ ಅಂತ ಸಾರಿದ್ರ ನಿಮ್ಮ ಮಷೀನು ನಂಬತೈತಿ. ಕಂಪನಿಯವರು ಹಂಗೇ ಇಟ್ಟು ಕಳಿಸ್ಯಾರ. ಬಂದ್ ಮಾಡ್ಲೇನ್ರಿ?”

“ಮಾಡಿದ್ರ?”

“ದಾರಿ ಎಲ್ಲಾ ನೀವೇ ಕೈಲೆ ಬರೀಬೇಕ್ರಿ.”

“ಇರ್ಲಿ ಬಿಡಪಾ. ದಾರಿ ಹೇಳಿದವ್ರಿಗೆ ನೀ ಸುಳ್ಳ ಅನ್ನೋದು ನಮ್ಮ ಕಡಿ ರೂಢಿ ಇಲ್ಲ.”

ಅವನು ನಕ್ಕ. ಕೈಯಿಂದ ಬರೆಯುವ ಕೆಲಸ ನನಗೆ ತಪ್ಪಿತು.

ಬಿತ್ತನೆಗೆ ಕಾದಿದ್ದ ಮಿರಗದ ಮಳೆ ಬಿದ್ದ ಮರುದಿನ ಜೇವರ್ಗಿಯಿಂದ ಫೋನ್ ಬಂತು. “ಚೀಟಿ ಎಲ್ರಿ? ತೊಗರಿ ಬೀಜಕ್ಕ ಮಂದಿ ಗೇಟ್ ಮುರಿಯಾಕತ್ತಾರ.” ನಾನು ಕಳಿಸಿದ್ದೆ. ಮತ್ತೆ ಕಳಿಸಿದೆ. ಒಂದೂ ಮುಟ್ಟಲಿಲ್ಲ. ಅಂಗಡಿಯ ಸಾಹುಕಾರರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

ದಾರಿಗಳ ಪಟ್ಟಿ ತೆಗೆದು ನೋಡಿದೆ. ಜೇವರ್ಗಿಯ ದಾರಿ ಅಫಜಲಪುರದ ಕಡೆ ತಿರುಗಿತ್ತು. ಅಲ್ಲಿನ ಆಪರೇಟರ್ ನಾನೇ ಕಲಿಸಿದವನು. ಫೋನ್ ಹಚ್ಚಿದೆ.

“ಅಣ್ಣಾ, ಕಲಿಯಾಕ ಒಂದು ಹಳೇ ಮಷೀನ್ ಜೋಡ್ಸೀನಿ. ಬರೇ ಚಾಲೂ ಮಾಡೀನಿ, ಏನೂ ಬರ್ದಿಲ್ಲ. ಸಾಹುಕಾರ್ರಿಗೆ ತಿಳಿಸಿ ಹೇಳ್ತಿ ಅಲ್ಲ?”

“ಮೊದ್ಲ ಅದನ್ನ ತೆಗಿ.” ಆ ಹಳೇ ಮಷೀನು ಜೇವರ್ಗಿಯ ದಾರಿ ತನ್ನದೆಂದು ಸಾರಿತ್ತು, ನನ್ನದು ನಂಬಿತ್ತು.

ಸಾಹುಕಾರರು ಜೇವರ್ಗಿಯವರಿಗೆ ಸಮಾಧಾನ ಹೇಳಲು ಫೋನಿನ ಕಡೆ ಹೋದಾಗ, ದಾರಿ ಸಾರುವ ಮಾತನ್ನು ನಂಬುವುದನ್ನು ನಾನು ಬಂದ್ ಮಾಡಿದೆ. ಸರಿಯಾದ ದಾರಿಗಳನ್ನು ಕೈಯಿಂದ ಬರೆದೆ. ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಚೀಟಿಗಳು ಹೋದವು.

ಮರುದಿನ ತಪಾಸಣೆಗೆ ಬಂದವನು ಹೊಸ ಎಂಜಿನಿಯರ್. ಹಳಬ ನೌಕರಿ ಬಿಟ್ಟಿದ್ದ. “ಇದು ಬಂದ್ ಐತಲ್ರಿ. ಮೊದ್ಲಿಂದ ಹಿಂಗೇ ಇತ್ತೇನ್ರಿ?”

ಸಾಹುಕಾರರು ನನ್ನ ಮುಖ ನೋಡಿದರು.

“ಮೊದ್ಲಿಂದನೂ ಬಂದೇ ಇತ್ತ್ರಿ.”

“ಹಂಗಾರ ಸುಳ್ಳ ದಾರಿ ತಾನಾಗೇ ಬಂದಿಲ್ರಿ. ಯಾರೋ ಒಳಗ ಬಂದು ಬೇಕಂತ ಬರ್ದಾರ.”

ಪಾಸ್‌ವರ್ಡ್ ಗೊತ್ತಿದ್ದದ್ದು ನನಗೂ ಅಫಜಲಪುರದವನಿಗೂ ಮಾತ್ರ. ನನ್ನ ತಪ್ಪನ್ನು ಮುಚ್ಚಲು ಹೇಳಿದ ಒಂದು ಮಾತು ಅವನ ಅಜಾಗರೂಕತೆಯನ್ನು ದ್ರೋಹವಾಗಿಸಿಬಿಟ್ಟಿತು. ಆಗಲಾದರೂ ಬಾಯಿ ಬಿಡಬಹುದಿತ್ತು.

ಕೆಲಸದಿಂದ ತೆಗೆದ ಮೇಲೆ ಗೋದಾಮಿನ ಕೀಲಿ ಒಪ್ಪಿಸಲು ಅವನು ಆಳಂದಕ್ಕೆ ಬಂದ. ಚಹಾ ಬೇಡವೆಂದ. ಮೆಲ್ಲಗೆ ಕೇಳಿದ: “ಅಣ್ಣಾ, ಬಂದೇ ಇತ್ತಂದ್ರ, ನನ್ನ ಮಷೀನಿನ ಮಾತು ಇದು ಹೆಂಗ ಕೇಳ್ತು?”

ನಾನು ಕೀಬೋರ್ಡಿನ ಧೂಳು ಒರೆಸುತ್ತ ಕೂತೆ.

ಮುಂದೆ ಯಾವ ಹೊಸ ಮಷೀನು ಬಂದರೂ ಮೊದಲು ಸಾರಿದ ದಾರಿ ನಂಬುವುದನ್ನೇ ಬಂದ್ ಮಾಡುತ್ತಿದ್ದೆ. “ನಮ್ಮ ಆಪರೇಟರ್ ಭಾಳ ಹುಷಾರ್ ಮನುಷ್ಯಾ,” ಎಂದು ಸಾಹುಕಾರರು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಮಾತನ್ನೂ ನಾನು ಅಲ್ಲಗಳೆಯಲಿಲ್ಲ.