ವರ್ನೀಟಾ ಅತ್ತೆ ಮನೆಗೆ ಬಂದ ಹ್ಯಾಮು

ಕೇಳ್ರೋ, ನಮ್ಮ ವರ್ನೀಟಾ ಅತ್ತೆ ಕಥೆ ಇದು. ಮಿಸಿಸಿಪ್ಪಿಯ ನಮ್ಮೂರ ಪೊಲೀಸ್ ಸ್ಟೇಷನ್ನಲ್ಲಿ ಇಪ್ಪತ್ತೆರಡು ವರ್ಷದಿಂದ ಫೋನ್ ಎತ್ತೋದು, ರೇಡಿಯೋದಲ್ಲಿ ಗಾಡಿ ಕಳ್ಸೋದು ಅವಳೇ. ಯಾರ ಗಂಡ ಕುಡಿದು ಹೊಳೆಗೆ ಬಿದ್ರೂ ಮೊದ್ಲು ಅವಳ ಕಿವಿಗೇ. ಮನೆಗೆ ಬಂದ್ರೆ ಟಿವೀಲೂ ಅದೇ, ನಮ್ಮಂಥದ್ದೇ ಊರಿನ ಪೊಲೀಸ್ ಧಾರಾವಾಹಿ. ನೋಡ್ತಾ ಬೈತಾಳೆ: "ಥೂ, ಒಂದು ಗಂಟೇಲಿ ಕೊಲೆಗಾರ ಸಿಗ್ತಾನಂತೆ! ನಮ್ಮ ಕ್ಯಾಪ್ಟನ್‌ಗೆ ಒಂದು ಗಂಟೇಲಿ ಅವನ ಟೋಪಿ ಸಿಗಲ್ಲ."

ಆ ಭಾನುವಾರ ಮಾತ್ರ ಬೈಗುಳ ಇಲ್ಲ. ಟಿವಿ ಓಡ್ತಿದೆ, ಅತ್ತೆ ಕಣ್ಣು ರಸ್ತೆ ಮೇಲೆ. ಅವಳ ತಮ್ಮ, ನಮ್ಮ ಅಲೋಂಜೊ ಚಿಕ್ಕಪ್ಪ, ಗುರುವಾರದಿಂದ ನಾಪತ್ತೆ. ಅವತ್ತು ಸೇತುವೆ ಹತ್ರ ಅವನ ಟ್ರಕ್ ತಡೆದು ನಿಲ್ಸಿದ್ದು ಅವಳ ಸ್ಟೇಷನ್ನಿನ ಕ್ಯಾಪ್ಟನ್ ಹೋಲ್‌ಬ್ರುಕ್. "ಲೈಸೆನ್ಸ್ ನೋಡಿ ಬಿಟ್ಟೆ ಕಣಮ್ಮ. ಎಲ್ಲೋ ಮೀನು ಹಿಡೀತಿರ್ತಾನೆ," ಅಂದಿದ್ದ. ಅತ್ತೆ ನಂಬಿದ್ಲು. ದಿನಾ ಒಟ್ಟಿಗೆ ಕೆಲ್ಸ ಮಾಡೋನು, ನಂಬ್ದೇ ಏನ್ಮಾಡ್ತಾಳೆ?

ಚರ್ಚು ಬಿಟ್ಟ ಹೊತ್ತಿಗೆ ಕ್ಯಾಪ್ಟನ್ ಹೆಂಡ್ತಿ ಲುರ್ಲೀನ್ ಬಂದ್ಲು. ಕೈಯಲ್ಲಿ ಇಡೀ ಹ್ಯಾಮು, ಅಂದ್ರೆ ಬೇಯಿಸಿದ ಹಂದಿ ತೊಡೆ, ಮೇಲೆ ಅನಾನಸ್ ಬಿಲ್ಲೆ. ನಮ್ಮೂರಲ್ಲಿ ಹಂಗೆ ಹ್ಯಾಮು ಹೊತ್ಕೊಂಡು ಹೋಗೋದು ಸಾವಾದ ಮನೆಗೆ.

"ಒಲೆ ಹಚ್ಚೋಕೆ ಮನಸ್ಸಾದ್ರೂ ಹೆಂಗೆ ಬರುತ್ತೆ ಹೇಳಿ, ವರ್ನೀಟಾಕ್ಕ," ಅಂತ ಒಂದೇ ಕೈಲಿ ತಬ್ಕೊಂಡ್ಲು.

ಅತ್ತೆ ಮೆಲ್ಲಗೆ ಕೇಳಿದ್ಲು, "ಯಾರು ಸತ್ರು, ಲುರ್ಲೀನ್?"

ಲುರ್ಲೀನ್ ಹಿಂದಕ್ಕೆ ಸರಿದ್ಲು. "ನಮ್ಮನೆಯವ್ರು ನೆನ್ನೆ ಫೋನಲ್ಲಿ ಯಾರಿಗೋ ಅಲೋಂಜೊ ಇನ್ನಿಲ್ಲ ಅಂತಿದ್ರು... ನಿಮಗೂ ಹೇಳಿರ್ತಾರೆ ಅಂದ್ಕೊಂಡೆ." ಹ್ಯಾಮು ಮೆಟ್ಟಿಲ ಮೇಲಿಟ್ಟವಳೇ ಕಾರು ಹತ್ತಿದ್ಲು.

ಅತ್ತೆ ಅಳ್ಲಿಲ್ಲ. ಸೀದಾ ಸ್ಟೇಷನ್‌ಗೆ ಹೊರಟ್ಲು. ನಾನೂ ಬೆನ್ನಿಗೇ ಹೋದೆ, ಗಾಜಿನ ಆಚೆ ಬೆಂಚಲ್ಲಿ ಕೂತೆ.

"ನಿಂಗೆ ರಜಾ ಕೊಟ್ಟಿದ್ನಲ್ಲ?" ಅಂದ ಕ್ಯಾಪ್ಟನ್.

"ಮನೇಲಿ ಕೂತ್ರೆ ನಿಮ್ಮಾಕೆ ಇನ್ನೊಂದು ಹ್ಯಾಮು ತರ್ತಾಳೆ."

ಅವನು ಅವಳ ಬೆನ್ನ ಹಿಂದೆ ಬಂದು ನಿಂತ. ಅತ್ತೆ ರಾಜ್ಯದ ಪೊಲೀಸರಿಗೆ ಫೋನ್ ಹಚ್ಚಿದ್ಲು. ಆ ಲೈನಲ್ಲಿ ಆಡಿದ್ದೆಲ್ಲ ರೆಕಾರ್ಡ್ ಆಗುತ್ತೆ, ಊರ ಪೊಲೀಸರಿಗೆ ಅಳಿಸೋಕಾಗಲ್ಲ.

"ನಾನು ವರ್ನೀಟಾ ಪೂಲ್. ನನ್ನ ತಮ್ಮ ಸತ್ತಿದ್ದಾನೆ. ಹೆಣ ಇನ್ನೂ ಸಿಕ್ಕಿಲ್ಲ. ಕೊನೇಲಿ ಅವನನ್ನ ನಿಲ್ಸಿದ್ದು ಕ್ಯಾಪ್ಟನ್ ಹೋಲ್‌ಬ್ರುಕ್. ಅವನು ಸತ್ತಿದ್ದು ಅವರ ಹೆಂಡ್ತಿಗೆ ಆಗ್ಲೇ ಗೊತ್ತು. ಕ್ಯಾಪ್ಟನ್ ಈಗ ನನ್ನ ಬೆನ್ನ ಹಿಂದೆ ನಿಂತಿದ್ದಾರೆ."

"ಫೋನ್ ಇಡ್ಬೇಡಿ ಮೇಡಂ," ಅಂದ್ರಂತೆ ಆ ಕಡೆಯವ್ರು.

ಕ್ಯಾಪ್ಟನ್ ಒಳಗಿಂದ ಬಾಗಿಲ ಚಿಲಕ ಹಾಕ್ದ. ನಾನು ಗಾಜು ಬಡೀತಾನೇ ಇದ್ದೆ. ರಾಜ್ಯದ ಪೊಲೀಸರು ಬರೋಕೆ ನಲವತ್ತು ನಿಮಿಷ. ಅಷ್ಟೂ ಹೊತ್ತು ಅತ್ತೆ ಅವನ ಒಂದೊಂದು ಹೆಜ್ಜೇನೂ ಫೋನಲ್ಲಿ ಹೇಳ್ತಾ ಕೂತ್ಲು.

ಕ್ಯಾಪ್ಟನ್‌ನ ಅವರು ಹಿಡ್ಕೊಂಡು ಹೋದ್ರು. ಚಿಕ್ಕಪ್ಪನ ಹೆಣ ಸಿಕ್ಕಿದ್ದು ಮಂಗಳವಾರ, ಸೇತುವೆ ಕೆಳಗಿನ ಜೌಗಲ್ಲಿ. ಈಗ ಕ್ಯಾಪ್ಟನ್ ಜಾಮೀನಿನ ಮೇಲೆ ಊರಲ್ಲೇ ಇದ್ದಾನೆ. ಅವನ ಕಾರು ದಿನಕ್ಕೆರಡು ಸಲ ಅತ್ತೆ ಮನೆ ಮುಂದೆ ನಿಧಾನ ಆಗುತ್ತೆ. ಅತ್ತೆ ಪ್ರತಿ ಸಲಾನೂ ಗಂಟೆ ನಿಮಿಷ ಬರ್ಕೊಳ್ತಾಳೆ.