ಎಕ್ಸಿಟ್ ಹೊಡೆಸಿದ ಮೇಲೆ

ಸೌದಿಯಿಂದ ಖಾಯಂ ಆಗಿ ಹೊರಡುವವನು, ಕನಿಷ್ಠ ನಮ್ಮ ಕರಾವಳಿಯವನು, ಮನೆ ಸಾಮಾನನ್ನು ಮಾರುವುದಿಲ್ಲ, ಹಂಚುತ್ತಾನೆ. ಅವನಿಗೆ ಫೈನಲ್ ಎಕ್ಸಿಟ್, ಅಂದರೆ ಖಾಯಂ ಆಗಿ ದೇಶ ಬಿಡುವ ಮುದ್ರೆ, ಬಿತ್ತು ಎಂದು ಸುದ್ದಿಯಾದ ವಾರವೇ ಪರಿಚಯದವರು ಒಬ್ಬೊಬ್ಬರಾಗಿ ಬರುತ್ತಾರೆ. ಚಹಾ ಕುಡಿಯುತ್ತಾರೆ, ಊರಿನ ಮಾತಾಡುತ್ತಾರೆ, ಹೋಗುವಾಗ ಏನನ್ನಾದರೂ ಹೊತ್ತುಕೊಂಡು ಹೋಗುತ್ತಾರೆ. ನಾವು ಬಂದ ಹೊಸದರಲ್ಲಿ ನಮಗೂ ಯಾರದೋ ಮಂಚ, ಯಾರದೋ ಕುಕ್ಕರು ಹೀಗೆಯೇ ಸಿಕ್ಕಿತ್ತು. ಆದ್ದರಿಂದ ನಮ್ಮ ಸರದಿ ಬಂದಾಗ ನಾವೂ ಧಾರಾಳವಾಗಿ ಹಂಚಿದೆವು. ಫ್ರಿಜ್ಜು, ಸೋಫಾ, ಕಿಟಕಿ ಪರದೆಗಳು, ಮಗಳ ಸೈಕಲ್ಲು ಎಲ್ಲ ಹೋಯಿತು. ನಡುಮನೆ ಖಾಲಿಯಾದಾಗ ಹೆಂಡತಿ ಅದರ ನಡುವೆ ನಿಂತು, "ಅಬ್ಬ, ಈ ಮನೆ ಇಷ್ಟು ದೊಡ್ಡದಿತ್ತಾ?" ಎಂದು ನಕ್ಕಳು. ನಾವು ಇಂಗ್ಲೆಂಡಿಗೆ ಹೊರಟಿದ್ದೆವು.

ನಾನು ದಹ್ರಾನಿನ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಸಹಾಯಕನಾಗಿದ್ದೆ. ಸಮುದ್ರದ ನೀರನ್ನು ಸೋಸಿ ಕುಡಿಯುವ ನೀರು ಮಾಡುವ ತೆಳು ಪೊರೆಗಳು ನನ್ನ ವಿಷಯ. ಈ ಪೊರೆಗಳ ದೊಡ್ಡ ಪೀಡೆಯೆಂದರೆ ಲೋಳೆ. ಸ್ವಲ್ಪ ಕಾಲದಲ್ಲೇ ಅದು ಹಿಡಿದು ಪೊರೆಯ ರಂಧ್ರಗಳು ಕಟ್ಟಿಕೊಳ್ಳುತ್ತವೆ. ನಾನು ಸಂಬಳ ತೆಗೆದುಕೊಂಡದ್ದು ಬೇರೆಯವರ ಪ್ರಯೋಗಗಳನ್ನು ನಡೆಸಿಕೊಡುವುದಕ್ಕೆ. ಆದರೆ ಅವುಗಳ ನಡುವೆ ಸಿಕ್ಕ ಹೊತ್ತಿನಲ್ಲಿ, ಶುಕ್ರವಾರದ ರಜೆಗಳಲ್ಲಿ, ಲೋಳೆ ಹಿಡಿಯದ ನನ್ನದೇ ಒಂದು ಪೊರೆಯನ್ನು ವರ್ಷಗಟ್ಟಲೆ ಕೂತು ಮಾಡಿದ್ದೆ. ನಲವತ್ತು ದಾಟಿದ ಮೇಲೆ ಒಬ್ಬ ಸಹಾಯಕನಿಗೆ ಸ್ವಂತದ್ದು ಎನ್ನಲು ಇದ್ದದ್ದು ಅದೊಂದೇ. ಅದನ್ನು ನೋಡಿ ಮೆಚ್ಚಿದವರು ಇಂಗ್ಲೆಂಡಿನ ಒಬ್ಬ ಪ್ರಾಧ್ಯಾಪಕಿ. ಯುರೋಪಿನ ಐದಾರು ದೇಶಗಳ ಪ್ರಯೋಗಾಲಯಗಳನ್ನು ಕೂಡಿಸಿ, ಈ ಪೊರೆಯ ಮೇಲೆಯೇ ಒಂದು ದೊಡ್ಡ ಯೋಜನೆ ಬರೆದರು. ಮುಂದಾಳು ಅವರು. ಅವರ ಪ್ರಯೋಗಾಲಯದಲ್ಲಿ ನನಗೊಂದು ಹುದ್ದೆ, ನನ್ನದೇ ಒಂದು ಮೇಜು. ಯೋಜನೆ ಆಯ್ಕೆಯಾಯಿತು.

ಹಣ ಬರಬೇಕಿದ್ದದ್ದು ಯುರೋಪಿನ ಒಕ್ಕೂಟದ ದೇಶಗಳು ಸೇರಿ ಕಟ್ಟಿದ ಸಂಶೋಧನಾ ನಿಧಿಯಿಂದ. ಬ್ರಿಟನ್ ಆ ಒಕ್ಕೂಟವನ್ನು ಆಗಲೇ ಬಿಟ್ಟಾಗಿತ್ತು. ಮನೆಯಿಂದ ಬೇರೆಯಾದರೂ ಅಡುಗೆ ಒಂದೇ ಇರಲಿ ಎಂಬಂತೆ, ವಿಜ್ಞಾನದ ನಿಧಿಯಲ್ಲಿ ಮಾತ್ರ ಜೊತೆಗಿರುತ್ತೇವೆ ಎಂದು ಮಾತಾಗಿತ್ತಂತೆ. ಸಹಿಯೊಂದು ಬಾಕಿ. "ಇವತ್ತೋ ನಾಳೆಯೋ ಆಗುತ್ತದೆ, ನೀನು ಸಿದ್ಧನಾಗು" ಎಂದು ಪ್ರಾಧ್ಯಾಪಕಿ ಬರೆದರು. ನಾನು ಸಿದ್ಧನಾದೆ.

ನೇಮಕದ ಆದೇಶ ಕೈಗೆ ಬರುವ ತನಕ ಕಾಯಬೇಕಿತ್ತು ಎಂದು ಆಮೇಲೆ ನನಗೆ ಬುದ್ಧಿ ಹೇಳದವರಿಲ್ಲ. ಹೇಳುವುದು ಸುಲಭ. ನನ್ನ ಕರಾರು ಮುಗಿಯುವ ಕಾಲ ಅದು. ನವೀಕರಿಸಿದರೆ ನಡುವಿನಲ್ಲಿ ಬಿಡಲು ಮತ್ತೆ ಯಾರ ಯಾರ ಕಾಲಿಗೋ ಬೀಳಬೇಕು. ಮಗಳ ಶಾಲೆಗೂ ರಜೆ ಬಂದಿತ್ತು. ಗಲ್ಫಿನಲ್ಲಿ ಹತ್ತಾರು ವರ್ಷ ಕಳೆದವನು ಇಂಥ ಹೊತ್ತು ಕೂಡಿಬಂದಾಗ ಎಕ್ಸಿಟ್ ಹೊಡೆಸುತ್ತಾನೆ, ನಾನೂ ಹೊಡೆಸಿದೆ. ಯುರೋಪಿನವರಿಗೆ ಕೆಲಸ ಬಿಡುವುದು ಎಂದರೆ ಕೆಲಸ ಬಿಡುವುದು ಮಾತ್ರ. ನಮಗೆ ಅದು ದೇಶ ಬಿಡುವುದು. ನನ್ನ ಇಕಾಮಾ ಎಂಬ ವಾಸದ ಪರವಾನಗಿಯ ಮೇಲೆಯೇ ಹೆಂಡತಿ, ಮಗಳು ಇಬ್ಬರೂ ಇದ್ದರು. ನನ್ನದು ಹೋದರೆ ಮೂವರದೂ ಹೋಯಿತು. ಎಕ್ಸಿಟ್ ಬಿದ್ದ ಮೇಲೆ ಎರಡು ತಿಂಗಳೊಳಗೆ ಹೊರಡಬೇಕು. ಹೆಂಡತಿಯೂ ಇಂಡಿಯನ್ ಸ್ಕೂಲಿನ ಟೀಚರ್ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಮಗಳ ಗೆಳತಿಯರು ಅವಳಿಗೆ ಬಣ್ಣದ ಕಾರ್ಡು ಮಾಡಿಕೊಟ್ಟು ಅತ್ತರು.

ಸಹಿ ಆಗಲಿಲ್ಲ. ದೊಡ್ಡವರ ನಡುವೆ ಬೇರೇನೋ ಜಗಳ, ಅದು ತೀರುವ ತನಕ ನಿಧಿಯ ಬಾಗಿಲು ಬ್ರಿಟನ್ನಿಗೆ ತೆರೆಯುವುದಿಲ್ಲ ಎಂದಾಯಿತು. ಮೊದಲು ಬಂದದ್ದು "ಸ್ವಲ್ಪ ತಡವಾಗಬಹುದು" ಎಂಬ ಮೇಲ್. ಅದರ ಬೆನ್ನಿಗೆ, ನಿಧಿಗೆ ಸೇರದ ದೇಶ ಯೋಜನೆಯ ಮುಂದಾಳಾಗುವಂತಿಲ್ಲ, ಆದ್ದರಿಂದ ಮುಂದಾಳುತನವನ್ನು ಒಳಗಿನ ದೇಶದ ಒಬ್ಬ ಪಾಲುದಾರನಿಗೆ ಬಿಟ್ಟುಕೊಡುತ್ತಿದ್ದೇವೆ ಎಂಬ ಮೇಲ್. ನನ್ನ ಹುದ್ದೆ ಇದ್ದದ್ದು ಮುಂದಾಳಿನ ಪಾಲಿನಲ್ಲಿ. ಮುಂದಾಳುತನದ ಜೊತೆಗೆ ಅದೂ ಅತ್ತ ಹೋಯಿತು. ಅಲ್ಲಿ ಅವರದೇ ಅಭ್ಯರ್ಥಿ ಒಬ್ಬನಿದ್ದ.

ಪ್ರಾಧ್ಯಾಪಕಿ ವಿಡಿಯೋದಲ್ಲಿ ಮಾತಾಡಿದರು. ತಮ್ಮ ಸರ್ಕಾರವೇ ತಮ್ಮ ಪಾಲನ್ನು ತುಂಬಿಕೊಡುವ ಮಾತು ಇದೆ, ಆದರೆ ಅದರಲ್ಲಿ ಹೊಸಬರನ್ನು ಸೇರಿಸಲು ಯಾವಾಗ ಒಪ್ಪಿಗೆ ಸಿಗುತ್ತದೋ ಹೇಳಲಾರೆ ಎಂದರು. ಹೇಳುತ್ತಲೇ ಅತ್ತರು. ಒಳ್ಳೆಯ ಹೆಂಗಸು, ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಕಾರಣವಿರಲಿಲ್ಲ. ಆದರೂ ಮೈಯೆಲ್ಲ ಉರಿಯಿತು. ಅವರು ಅಳುತ್ತಿದ್ದದ್ದು ತಮ್ಮ ಮನೆಯ ಸೋಫಾದ ಮೇಲೆ ಕೂತು. ನನ್ನ ಸೋಫಾ ಜುಬೈಲಿನ ಪರಿಚಯದವರ ಮನೆಗೆ ಹೋಗಿಯಾಗಿತ್ತು.

ಆಮೇಲಿನ ದಿನಗಳಲ್ಲಿ ನಾನು ಮಾಡಿದ್ದನ್ನು ಬೇಡುವುದು ಎಂದೇ ಕರೆಯಬೇಕು. ಯೋಜನೆಯಲ್ಲಿದ್ದ ಪ್ರತಿ ಪ್ರಯೋಗಾಲಯಕ್ಕೂ ಬರೆದೆ. ಯಾವ ಹುದ್ದೆಯಾದರೂ ಸರಿ, ಬಾಟಲಿ ತೊಳೆಯುವುದಾದರೂ ಸರಿ, ಪೊರೆಯ ಹತ್ತಿರ ಇದ್ದರೆ ಸಾಕು ಎಂದು ಬರೆದೆ. ಸೌಜನ್ಯದ ಉತ್ತರಗಳು ಬಂದವು. ಇಲ್ಲಿನ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ ಎಕ್ಸಿಟ್ ರದ್ದು ಮಾಡಿಸಿ ಎಂದು ಅಂಗಲಾಚಿದೆ. ಆತ ನನ್ನನ್ನು ಇಷ್ಟಪಡುತ್ತಿದ್ದ ಸೌದಿ, ಅರಬ್ಬಿ ಕಾಫಿ ಗಾವಾ ತರಿಸಿ ಕುಡಿಸಿದ. ರದ್ದು ಮಾಡಲು ದಾರಿಯೇನೋ ಇದೆ, ಆದರೆ ನಿನ್ನ ಜಾಗಕ್ಕೆ ಆರಿಸಿದವನಿಗೆ ವೀಸಾ ಬಂದಾಗಿದೆ, ಅವನೂ ತನ್ನ ಊರಿನಲ್ಲಿ ಕೆಲಸ ಬಿಟ್ಟು ಕೂತಿದ್ದಾನೆ, ನಾನೇನು ಮಾಡಲಿ ಎಂದ. ಗಾವಾ ಮುಗಿಸಿ ಎದ್ದು ಬಂದೆ.

ಮನೆಯಲ್ಲಿ ನೆಲದ ಮೇಲೆ ಕೂತು ಊಟ, ನೆಲದ ಮೇಲೆಯೇ ನಿದ್ದೆ. ಫ್ರಿಜ್ಜಿಲ್ಲದ ಮನೆ, ಹೊರಗೆ ಕೆಂಡದಂಥ ಬಿಸಿಲು. ಬೆಳಿಗ್ಗೆ ತಂದ ಹಾಲು ಮಧ್ಯಾಹ್ನಕ್ಕೆ ಒಡೆಯುತ್ತಿತ್ತು. ಪರದೆಯಿಲ್ಲದ ಕಿಟಕಿಗೆ ಹೆಂಡತಿ ತನ್ನ ದುಪಟ್ಟಾ ಕಟ್ಟಿದ್ದಳು. ಮಗಳು "ಆರ್ ವಿ ಗೋಯಿಂಗ್ ಆರ್ ನಾಟ್?" ಎಂದು ಕೇಳುವುದನ್ನು ಕೆಲವು ದಿನಗಳ ಮೇಲೆ ನಿಲ್ಲಿಸಿದಳು. 

ನಮ್ಮ ಫ್ರಿಜ್ಜು ಹೋದದ್ದು ಪಕ್ಕದ ಊರು ಖೋಬರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಭಟ್ಕಳದ ಗೆಳೆಯನ ಕೆಲಸಗಾರರ ಕೋಣೆಗೆ. ಸುದ್ದಿ ಕೇಳಿ ಅವನು ಒಂದು ಸಂಜೆ ಬಂದ. ಖಾಲಿ ನಡುಮನೆಯನ್ನು ನೋಡಿ ಬಾಗಿಲಲ್ಲೇ ನಿಂತ.

"ಎಕ್ಸಿಟ್ ಹೊಡ್ಸಿ ನಗ್ತಾ ಹೋದವರನ್ನು ನೋಡಿದ್ದೇನೆ, ಕೂಗ್ತಾ ಹೋದವರನ್ನೂ ನೋಡಿದ್ದೇನೆ. ಹೊಡ್ಸಿ ಇಲ್ಲೇ ಕೂತವ ನೀನೊಬ್ಬನೇ ಮಾರಾಯ" ಎಂದ. ಆಮೇಲೆ, "ಫ್ರಿಜ್ಜು ನಾಳೆ ವಾಪಸ್ ಕಳಿಸ್ತೇನೆ" ಎಂದ.

"ಬೇಡ, ಕೊಟ್ಟದ್ದು ಕೊಟ್ಟಾಯಿತು."

"ಎಂತ ಬೇಡ? ಮಗು ಉಂಟಲ್ಲ ಮನೆಯಲ್ಲಿ. ನಿನ್ನ ಮರ್ಯಾದೆ ಫ್ರಿಜ್ಜಿನೊಳಗೆ ಇಟ್ಟಿದ್ಯಾ?" ಎಂದು ಗದರಿದ. ಮರುದಿನ ಫ್ರಿಜ್ಜು ಬಂತು, ಒಳಗೆ ಮೊಟ್ಟೆ, ತರಕಾರಿ, ಒಂದು ಡಬ್ಬಿ ಬಿರಿಯಾನಿ. ಮಗಳು ಅದರ ಬಾಗಿಲು ತೆರೆದು ತಂಪಿಗೆ ಮುಖ ಒಡ್ಡಿ ನಿಂತಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಗಡುವಿಗೆ ಒಂದು ವಾರ ಇದೆ ಎನ್ನುವಾಗ ಹೊಸ ಮುಂದಾಳಿನಿಂದ ಮೇಲ್ ಬಂತು. ಓದುವ ಮೊದಲೇ ಹೆಂಡತಿಯನ್ನು ಕೂಗಿ ಕರೆದೆ. ಯೋಜನೆ ಶುರುವಾಗುತ್ತಿದೆ, ತಾವು ತಯಾರಿಸಿದ ಪೊರೆಯ ಮಾದರಿಗಳನ್ನು ದಯವಿಟ್ಟು ಕಳುಹಿಸಿಕೊಡಿ ಎಂದಿತ್ತು. ಹುದ್ದೆಯ ಮಾತಿಲ್ಲ. ಮಾದರಿಗಳು ವಿಶ್ವವಿದ್ಯಾಲಯದ ಸೊತ್ತು, ಕಳಿಸಲು ಮುಖ್ಯಸ್ಥನ ಸಹಿ ಬೇಕು. ಆತ ಅದೇ ಬೆಳಿಗ್ಗೆ ಹಾಕಿಕೊಟ್ಟ.

ನಮ್ಮ ಮನೆಮಾತು ಕೊಂಕಣಿ. ಹೆಂಡತಿಗೆ ನಿಜವಾದ ಸಿಟ್ಟು ಬಂದಾಗ ಮಾತ್ರ ಉಡುಪಿಯ ಶಾಲೆಯ ಕನ್ನಡ ಬಾಯಿಗೆ ಬರುತ್ತದೆ. "ಕಳಿಸ್ತೀರಾ? ನಿಮ್ಮನ್ನು ಬೇಡ ಅಂದವರಿಗೆ ನಿಮ್ಮ ಕೈಕೆಲಸ ಮಾತ್ರ ಬೇಕಂತಾ? ಸಿಂಕಿಗೆ ಸುರಿದು ಬನ್ನಿ!" ಎಂದಳು. ಅವಳ ಮಾತು ನನಗೆ ಪೂರ್ತಿ ಸರಿ ಎನಿಸಿತು. ಸುರಿಯಲಿಕ್ಕೆಂದೇ ಪ್ರಯೋಗಾಲಯಕ್ಕೆ ಹೋದೆ.

ಪೊರೆಗಳು ಜಾಡಿಯ ನೀರಿನಲ್ಲಿದ್ದವು. ಅವನ್ನು ಸದಾ ಒದ್ದೆಯಾಗಿ ಇಡಬೇಕು, ಒಮ್ಮೆ ಒಣಗಿದರೆ ಬಿರುಕು ಬಿಡುತ್ತವೆ, ಮತ್ತೆ ಯಾವುದಕ್ಕೂ ಬರುವುದಿಲ್ಲ. ಏನೂ ಮಾಡಬೇಕಾಗಿರಲಿಲ್ಲ, ಮೇಜಿನ ಮೇಲೆ ಹರಡಿ ಹೊರಗೆ ಹೋದರೆ ಸಾಕಿತ್ತು. ಒಂದನ್ನು ಇಕ್ಕಳದಲ್ಲಿ ಎತ್ತಿ ಹಿಡಿದೆ. ಅಂಚಿನಿಂದ ಹೊಳಪು ಆರುತ್ತಾ ಬಂತು. ನನ್ನ ಕೈ ತಾನಾಗಿಯೇ ಅದನ್ನು ನೀರಿಗೆ ಇಳಿಸಿತು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು, ಆದರೂ ಒಂದೊಂದನ್ನೇ ನೀರಿನ ಚೀಲಗಳಲ್ಲಿ ಮುಚ್ಚಿ, ಪೆಟ್ಟಿಗೆಯಲ್ಲಿಟ್ಟು ಸುತ್ತ ಹತ್ತಿ ತುರುಕಿ, ಕೊರಿಯರಿಗೆ ಕೊಟ್ಟು ಬಂದೆ. ಪೆಟ್ಟಿಗೆಯನ್ನು ಯಾವ ಗಡಿಯಲ್ಲೂ ಯಾರೂ ತಡೆಯಲಿಲ್ಲ. ನಾವು ಇನ್ನೂ ನೆಲದ ಮೇಲೆ ಕೂತು ಊಟ ಮಾಡುತ್ತಿರುವಾಗಲೇ ಅದು ತಲುಪಿತು ಎಂದು ಸಂದೇಶ ಬಂತು. ಹೆಂಡತಿ ತನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಫ್ರಿಜ್ಜು ಎರಡನೆಯ ಸಲ ಖೋಬರಿಗೆ ಹೋಯಿತು. ನಾವು ಊರಿಗೆ ಮರಳಲು ದಮ್ಮಾಮ್ ವಿಮಾನ ನಿಲ್ದಾಣಕ್ಕೆ ಹೋದೆವು. ಅಧಿಕಾರಿ ಬೆರಳಚ್ಚು ತೆಗೆದುಕೊಂಡು, ಮುಖವನ್ನೂ ನೋಡದೆ "ಯಲ್ಲಾ" ಎಂದು ಮುಂದಕ್ಕೆ ಕಳಿಸಿದ. ಅಲ್ಲಿಗೆ ಇಕಾಮಾ ಮುಗಿಯಿತು. ಗೇಟಿನ ಬಳಿ ಕೂತಿದ್ದಾಗ ಯುರೋಪಿನ ನಂಬರಿನಿಂದ ಕರೆ ಬಂತು. ಎಳೆಯ ದನಿ, ತುಂಬಾ ವಿನಯ. ತಾನು ಸೇರಿದ ಹುದ್ದೆ ನನಗೆ ಸಿಗಬೇಕಿದ್ದದ್ದು ಎಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ. ಪೊರೆಗಳು ಅದ್ಭುತವಾಗಿವೆ, ಆದರೆ ಯೋಜನೆಯಲ್ಲಿ ಬರೆದಂತೆಯೇ ನಾನು ಮಾಡಿದರೂ ನಿಮ್ಮ ಹಾಗೆ ಬರುತ್ತಿಲ್ಲ, ಅಂಚು ಸುರುಟಿಕೊಳ್ಳುತ್ತದೆ, ಏನು ತಪ್ಪು ಮಾಡುತ್ತಿದ್ದೇನೆ ಎಂದು ಕೇಳಿದ.

ಫೋನ್ ಇಟ್ಟುಬಿಡಬೇಕಿತ್ತು. ನಾನು ಎದ್ದು ನಿಂತು ವಿವರಿಸತೊಡಗಿದೆ. ದ್ರಾವಣ ಸವರಿದ ಗಾಜನ್ನು ನೀರಿಗೆ ಇಳಿಸುವಾಗ ಓರೆ ಮಾಡಬೇಡ, ಕೈ ಅವಸರ ಮಾಡಬಾರದು, ಕೋಣೆಯ ಎ.ಸಿ. ಗಾಳಿ ನೇರ ಬೀಳಬಾರದು. ಅವನು ಬರೆದುಕೊಳ್ಳುವ ಸದ್ದು ಕೇಳುತ್ತಿತ್ತು. ವಿಮಾನ ಹತ್ತಲು ಕರೆದರು, ಸಾಲು ಕರಗುತ್ತಾ ಬಂತು, ಹೆಂಡತಿ ಮಗಳ ಕೈ ಹಿಡಿದು ಸಾಲಿನ ಕೊನೆಯಲ್ಲಿ ನನ್ನನ್ನೇ ನೋಡುತ್ತಾ ನಿಂತಿದ್ದಳು.

"ಸಂದೇಹ ಬಂದರೆ ಈ ನಂಬರಿಗೆ ಮತ್ತೆ ಕರೆ ಮಾಡಬಹುದೇ?" ಎಂದ ಹುಡುಗ.

ಈ ನಂಬರು ಇವತ್ತಿಗೆ ಮುಗಿಯಿತು ಎಂದೆ. ಅಲ್ಲಿಗೆ ಬಿಡಬಹುದಿತ್ತು. ಆದರೆ ಆ ಪೊರೆಯ ಬಗ್ಗೆ ಜಗತ್ತಿನಲ್ಲಿ ಯಾರೂ ನನ್ನನ್ನು ಇನ್ನು ಏನೂ ಕೇಳುವುದಿಲ್ಲ ಎಂಬ ಯೋಚನೆ ಬಂತು. ಊರಿನ ನಂಬರು ಕೊಟ್ಟೆ. ತಪ್ಪಾಗದಿರಲಿ ಎಂದು ಅವನಿಂದ ಒಮ್ಮೆ ತಿರುಗಿ ಹೇಳಿಸಿದೆ.