ಹೊಗೆಗಾಗಿ ಕಾಯುವ ಹಾವು

ಹಲ್ಲಿನ ಗುರುತು ಲಾಳದ ಹಾಗೆ ಬಾಗಿದ ಸಣ್ಣ ಚುಕ್ಕಿಗಳ ಸಾಲಾಗಿತ್ತು. ವಿಷದ ಹಲ್ಲು ಊರಿದ ಜೋಡಿ ತೂತು ಎಲ್ಲೂ ಇರಲಿಲ್ಲ. ಭೂತಗನ್ನಡಿ ಹಿಡಿದು ಮತ್ತೊಮ್ಮೆ ನೋಡಿ, ಮನೆ ಓನರ್ ಅಂಕಲ್‌ರ ಕೈ ಬಿಟ್ಟೆ.

ತೊಂಬತ್ತರ ದಶಕ. ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಾ ಹಲಸೂರಿನ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಬೆಳಿಗ್ಗೆ ನುಗ್ಗೆಕಾಯಿ ಕೀಳಲು ಕೈ ಹಾಕಿದವರನ್ನು ಕೊಂಬೆಯ ಮೇಲಿದ್ದ ಹಾವು ಕಚ್ಚಿತ್ತು. ಅದಿನ್ನೂ ಅಲ್ಲೇ ಇತ್ತು: ತೆಳ್ಳನೆಯ ಮೈ, ಕಂಚಿನ ಬೆನ್ನು, ಕುತ್ತಿಗೆ ಉಬ್ಬಿಸಿದಾಗ ಹುರುಪೆಗಳ ನಡುವೆ ಇಣುಕುವ ನೀಲಿ. ನಮ್ಮ ಪುಸ್ತಕದಲ್ಲಿ ಡೆಂಡ್ರೆಲಾಫಿಸ್ ಟ್ರಿಸ್ಟಿಸ್, ಬೀದಿಯಲ್ಲಿ ಕೊಂಬೇರಿಮೂರ್ಖ. ಕಪ್ಪೆ, ಹಲ್ಲಿ ತಿಂದು ಬದುಕುತ್ತದೆ, ಮನುಷ್ಯರಿಗೆ ಅಪಾಯವಿಲ್ಲ ಎಂದೆ. ಲ್ಯಾಟಿನ್‌ನಲ್ಲಿ ಟ್ರಿಸ್ಟಿಸ್ ಎಂದರೆ ದುಃಖಿ ಎಂದೂ ಹೇಳಿಬಿಟ್ಟೆ.

"ದುಃಖ ಇರಲ್ವೇನಮ್ಮಾ, ಹೊಗೆ ಕಾಣ್ದಿದ್ರೆ?" ಎಂದರು ಅಂಕಲ್.

ಬೀದಿಯ ನಂಬಿಕೆ ಹೀಗಿತ್ತು: ಈ ಹಾವು ಕಚ್ಚಿದ ಮೇಲೆ ಮರವೇರಿ ಕೂತು, ಕಚ್ಚಿಸಿಕೊಂಡವನ ಚಿತೆಯ ಹೊಗೆಗೆ ಕಾಯುತ್ತದೆ. ಹೊಗೆ ಕಂಡರೆ ಸಮಾಧಾನ. ಕಾಣದಿದ್ದರೆ ಮತ್ತೆ ಬಂದು ಕಚ್ಚುತ್ತದೆ.

"ಈಗೆಲ್ಲ ಕರೆಂಟ್ ಚಿತಾಗಾರ. ನಾನು ನಿಜವಾಗ್ಲೂ ಸತ್ರೂ ಅದಕ್ಕೆ ಗೊತ್ತಾಗಲ್ಲ."

"ಹಂಗಾದ್ರೆ ಸಾಯೋದೂ ದಂಡ. ಎದ್ದು ಊಟ ಮಾಡಿ," ಎಂದರು ಅವರ ಹೆಂಡತಿ.

ಅಂಕಲ್ ಏಳಲಿಲ್ಲ. ಡಾಕ್ಟರು ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿದ್ದರು. ಭಯಕ್ಕೆ ಏನೂ ಕೊಟ್ಟಿರಲಿಲ್ಲ. ಸಕ್ಕರೆ ಕಾಯಿಲೆಯವರು, ಮಾತ್ರೆ ನುಂಗಿ ಮಧ್ಯಾಹ್ನದವರೆಗೆ ಬರೀ ಹೊಟ್ಟೆಯಲ್ಲಿದ್ದರು. ರಕ್ತದ ಸಕ್ಕರೆ ಇಳಿಯುತ್ತಾ ಬಂದಿತ್ತು. ಹಾವು ಮಾಡದ ಕೆಲಸವನ್ನು ಈ ಉಪವಾಸ ಮಾಡಬಹುದಿತ್ತು.

"ಅದಕ್ಕೆ ಕಣ್ಣು ಚೆನ್ನಾಗಿ ಕಾಣುತ್ತಾ?"

"ಹಗಲು ತಿರುಗೋ ಹಾವು, ಅಂಕಲ್. ಕಣ್ಣು ದೊಡ್ಡದು. ಚೆನ್ನಾಗೇ ಕಾಣುತ್ತೆ."

ಅವರು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರು. ಆಂಟಿ ನನ್ನನ್ನೊಮ್ಮೆ ನೋಡಿ, ಹಸು ಸಾಕಿದ್ದ ಪಕ್ಕದ ಬೀದಿಯ ಮನೆಯಿಂದ ಒಣಹುಲ್ಲು ತಂದರು. ಹಲಸೂರು ಹಳ್ಳಿಯಾಗಿದ್ದಾಗ ಅವರ ಅತ್ತೆ ಹೀಗೇ ಮಾಡಿದ್ದರಂತೆ. ಹುಲ್ಲಿನ ಆಳು ಕಟ್ಟಿ, ಗಂಡನ ಅಂಗಿ ತೊಡಿಸಿ, ಹಾವಿಗೆ ಕಾಣುವ ಹಾಗೆ ಹಿತ್ತಲಲ್ಲಿ ಮಲಗಿಸಿದರು.

ಕಿಟಕಿಯಿಂದ ದನಿ ಬಂತು. "ಆ ಚೆಕ್ಸ್ ಶರ್ಟ್ ಬೇಡ ಕಣೇ, ಇನ್ನೂ ಚೆನ್ನಾಗಿದೆ."

"ಸತ್ತೋರಿಗೆ ಯಾಕ್ರೀ ಶರ್ಟ್ ಮೇಲೆ ಆಸೆ?"

ಆಂಟಿ ಕಡ್ಡಿ ಗೀರಿದರು. ಹೊಗೆ ಏಳುತ್ತಿದ್ದಂತೆ ಎದುರುಮನೆಯಾಕೆ ಹಾರ ಹಿಡಿದು ಓಡಿ ಬಂದರು. ಯಾರು ಏನು ಹೇಳಿದ್ದರೋ. ಬಾಗಿಲಲ್ಲಿ ಹೊದಿಕೆ ಹೊದ್ದು ನಿಂತಿದ್ದ ಅಂಕಲ್ ತಾವೇ, "ಬನ್ನಿ, ಕೂತ್ಕೊಳ್ಳಿ," ಎಂದರು.

ಆಕೆ ಅವರನ್ನೂ ತಮ್ಮ ಕೈಯಲ್ಲಿದ್ದ ಹಾರವನ್ನೂ ನೋಡಿದರು. "ಹಾರ ತಂದ್ಬಿಟ್ನಲ್ಲಾ."

"ಬೊಂಬೆಗೆ ಹಾಕಿ. ಹಾವೂ ನೋಡ್ಲಿ," ಎಂದರು ಆಂಟಿ.

ಹುಲ್ಲು ಬೂದಿಯಾದ ಮೇಲೆ ಅಂಕಲ್ ನನ್ನನ್ನು ಕರೆದರು. ಓದಿದವಳ ಸಾಕ್ಷಿ ಬೇಕಿತ್ತು. "ನೋಡ್ತಾ?"

"ಆ ಕಡೆಗೇ ಮುಖ ಮಾಡಿತ್ತು," ಎಂದೆ. ಅದು ನಿಜ. ಅವರು ಅನ್ನ, ಸಾರು ಕಲಸಿಕೊಂಡರು. ಅರ್ಧ ಊಟದಲ್ಲಿ ಕೈ ನಿಂತಿತು.

"ನಾಳೆ ನಾನು ಹಾಲಿಗೆ ಹೋಗೋದು ಅದರ ಕಣ್ಣಿಗೆ ಬಿದ್ರೆ?"

ಆಂಟಿ ಇನ್ನೊಂದು ಸೌಟು ಸಾರು ಹಾಕಿದರು.

ಮರುದಿನ ಬೆಳಿಗ್ಗೆ ಹಾವು ಅದೇ ಕೊಂಬೆಯ ಮೇಲೆ ಬಿಸಿಲು ಕಾಯಿಸುತ್ತಿತ್ತು. ನಾನು ನನ್ನ ಒಗೆದ ಬೆಡ್‌ಶೀಟನ್ನು ಬಟ್ಟೆ ಹಗ್ಗದ ಮೇಲೆ, ನುಗ್ಗೆಮರಕ್ಕೂ ಗೇಟಿಗೂ ನಡುವೆ, ನೆಲ ಮುಟ್ಟುವ ಹಾಗೆ ಹರಡಿದೆ. ಹಗ್ಗದುದ್ದಕ್ಕೂ ಕ್ಲಿಪ್ ಹಾಕಿ, ಮರದ ಬುಡದಲ್ಲಿ ನಿಂತು ಹಾವಿನ ಕಡೆಯಿಂದ ಒಮ್ಮೆ ನೋಡಿದೆ. ಗೇಟು ಕಾಣುತ್ತಿರಲಿಲ್ಲ.

"ಈಗ ಹೋಗಿ, ಅಂಕಲ್," ಎಂದೆ.